ಪೈಪಿನ ಬಾಯಿಯ ಸಿಹಿನೀರು

ಶೇಖ್ ಮಿಜ್ಬಾನನ ಆಳು ಬೆಳಿಗ್ಗೆಯೇ ಬಂದು ನೀರಿನ ಬಾಟಲಿಗಳ ಒಂದು ಕಟ್ಟನ್ನು ಗುಡಿಸಲ ಬಾಗಿಲಲ್ಲಿ ದೊಪ್ಪನೆ ಇಳಿಸಿದ. ಒಳಗೆ ಬರಲಿಲ್ಲ. ತಲೆವಸ್ತ್ರದ ಚುಂಗನ್ನು ಮೂಗಿಗೆ ಹಿಡಿದುಕೊಂಡೇ ಮಾತಾಡಿದ.

"ಮಧ್ಯಾಹ್ನ ದೊಡ್ಡೋರು ಬರ್ತಾರೆ. ಕಾಫಿ ಈ ನೀರಲ್ಲೇ ಕಾಯಿಸ್ಬೇಕಂತೆ. ನಿಮ್ಮ ನೀರಲ್ಲಿ ಬೇಡ."

ಚಸೀಬಾ ಎಮ್ಮೆಯ ಸಗಣಿ ಕಲಸುತ್ತಿದ್ದಳು. ಮೊಣಕೈವರೆಗೂ ಸಗಣಿ. ತಲೆ ಎತ್ತದೆ ಕೇಳಿದಳು. "ನಮ್ಮ ನೀರಿಗೇನಾಗಿದೆ?"

ಅವನು ಗಾಡಿ ಹತ್ತಿದ. ಏನಾಗಿದೆ ಎಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಬಸ್ರಾದಲ್ಲಿ ಆ ಬೇಸಿಗೆ ಅದು ಗೊತ್ತಿಲ್ಲದ ನಾಯಿಯೂ ಇರಲಿಲ್ಲ. ಬಾಯಿ ಬಿಟ್ಟು ಹೇಳುವವರು ಮಾತ್ರ ಇರಲಿಲ್ಲ.

ಚಸೀಬಾಳ ಒಬ್ಬಳೇ ಮಗಳು ಬದ್ರಿಯಾ ವಾಂತಿಭೇದಿಯಲ್ಲಿ ಹೋಗಿ ಇನ್ನೂ ನಲವತ್ತನೆಯ ದಿನದ ಶಾಸ್ತ್ರ ಆಗಿರಲಿಲ್ಲ. ಗಂಡ ಹೋಗಿ ಬಹಳ ಕಾಲವಾಗಿತ್ತು. ಮನೆಗೆ ಗಂಡಸು ಅಂತ ಇದ್ದವನು ಮೈದುನ ಲಫ್ತಾ. ಅವನ ಹೆಂಡತಿ ವಹೀದಾ, ಅವಳ ಮಡಿಲಲ್ಲಿ ಒಂದು ಎಳೆಗೂಸು. ಆಮೇಲೆ ಎಮ್ಮೆಗಳು. ಜವುಗು ಒಣಗಿದ ವರ್ಷ ಜೊಂಡಿನ ಮನೆ ಬಿಚ್ಚಿ, ದೋಣಿಗೆ ಹೇರಿಕೊಂಡು, ಶೇಖನ ಪಾಳು ಜಾಗಕ್ಕೆ ಬಂದು ಬಿದ್ದವರು ಇವರು. ಊರಿನ ಹೊರಗೆ, ಕಾಲುವೆಯ ದಡದಲ್ಲಿ, ಇಂಥವರದೇ ಒಂದು ಕೇರಿ. ಊರಿನವರ ಬಾಯಲ್ಲಿ ಇವರಿಗೆ ಹೆಸರಿಲ್ಲ. ಮಾದಾನ್ ಎನ್ನುತ್ತಾರೆ. ಎಮ್ಮೆಯ ಜೊತೆ ಮಲಗುವವರು, ಎಮ್ಮೆಯ ಬುದ್ಧಿಯವರು ಎಂದು ಅದರ ಅರ್ಥ. ಅದೇ ಎಮ್ಮೆಯ ಕೆನೆ ಮಾತ್ರ ಊರಿನವರಿಗೆ ಬೆಳಗಿನ ರೊಟ್ಟಿಗೆ ಬೇಕೇ ಬೇಕು.

ಆ ಕೆನೆಗಾಗಿ ಚಸೀಬಾಳ ಮೈ ಸವೆದಿತ್ತು. ಎದೆಮಟ್ಟದ ನೀರಲ್ಲಿ ನಿಂತು ಜೊಂಡು ಕೊಯ್ಯಬೇಕು. ಎಮ್ಮೆಗೆ ಹಾಕಬೇಕು. ಹಾಲು ಕರೆಯಬೇಕು. ಬೆರಣಿಯ ಸಣ್ಣ ಉರಿಯಲ್ಲಿ ಹಾಲನ್ನು ರಾತ್ರಿಯೆಲ್ಲ ಕಾಯಿಸಬೇಕು. ಬೆಳಗಾಗುವ ಮುಂಚೆ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಸಂತೆಗೆ ನಡೆಯಬೇಕು. ಕಾಲುವೆ ಉಪ್ಪಾದ ಮೇಲೆ ಕೊಯ್ಯುವ ಕೈ ಬಿರಿಯಿತು. ಬಿರುಕಿಗೆ ಉಪ್ಪು ಇಳಿಯುತ್ತಿತ್ತು. ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ಅದೂ ಬರಲಿಲ್ಲ.

ನೀರು ಉಪ್ಪಾದದ್ದು ಒಂದೇ ದಿನದಲ್ಲಲ್ಲ. ಮೇಲೆ ಮಳೆ ನಿಂತಿತು. ಮೇಲಿನ ದೇಶದವರು ನದಿಗೆ ಕಟ್ಟೆಗಳನ್ನು ಕಟ್ಟಿಕೊಂಡರು. ಕೆಳಗೆ ಬರುವ ನೀರು ಬಡವಾಯಿತು, ಸಮುದ್ರ ಮೇಲಕ್ಕೆ ಹತ್ತಿತು. ಎಮ್ಮೆಗಳ ಕಣ್ಣಿಗೆ ಬಿಳಿಯ ಪೊರೆ ಬಂತು. ಎರಡು ಕರು ಸತ್ತವು. ನಲ್ಲಿಯಲ್ಲಿ ಸಿಹಿನೀರು ಊರಿನವರಿಗೇ ಬರುತ್ತಿರಲಿಲ್ಲ, ಇನ್ನು ಇವರಿಗೆಲ್ಲಿ? ದುಡ್ಡಿದ್ದವರು ಶುದ್ಧ ಮಾಡಿದ ನೀರು ಕೊಂಡರು. ಇವರು ದೋಣಿ ತೆಗೆದುಕೊಂಡು ನೀರು ಹುಡುಕಿದರು.

ಹುಡುಕಿದ್ದು ಎಮ್ಮೆಗಳು. ಮುರಿದ ಸೇತುವೆಯ ತಿರುವಿನಲ್ಲಿ ಒಂದು ಜಾಗಕ್ಕೆ ಅವು ತಾವಾಗಿಯೇ ಈಜಿಕೊಂಡು ಹೋಗಿ ನಿಲ್ಲುತ್ತಿದ್ದವು, ಎಷ್ಟು ಹೊಡೆದರೂ ಬರುತ್ತಿರಲಿಲ್ಲ. ಜವುಗಿನವರು ತಲತಲಾಂತರದಿಂದ ನೀರಿನ ವಿಷಯದಲ್ಲಿ ನಂಬಿದ್ದು ಎರಡನ್ನೇ, ಎಮ್ಮೆಯ ಮೂತಿ ಮತ್ತು ತಮ್ಮ ನಾಲಿಗೆ. ಚಸೀಬಾ ಆ ತಿರುವಿಗೆ ಹೋಗಿ, ಗಳ ಊರಿ ದೋಣಿ ನಿಲ್ಲಿಸಿ, ಬೊಗಸೆಯಲ್ಲಿ ತೆಗೆದು ನೆಕ್ಕಿದಳು. ಉಪ್ಪಿಲ್ಲ! ನಾಲಿಗೆಯ ಮೇಲೆ ಸಪ್ಪಗೆ, ತಣ್ಣಗೆ, ಜವುಗಿನ ಕಾಲದ ನೀರು ಕೂತ ಹಾಗೆ ಕೂತಿತು. ಅವಳು ಡಬ್ಬಗಳನ್ನು ತುಂಬಿಕೊಂಡಳು. ಬಣ್ಣ ಸ್ವಲ್ಪ ಮಂಜಾಗಿತ್ತು, ಪಟಿಕ ತಿರುಗಿಸಿದರೆ ಗಾಜಿನಂತಾಯಿತು. ವಾಸನೆ ಇತ್ತು ಎಂದರೆ ಇತ್ತು. ಆದರೆ ಆ ಕಾಲುವೆಯಲ್ಲಿ ವಾಸನೆ ಇಲ್ಲದ ಜಾಗ ಯಾವುದಿತ್ತು? ಕಾಯಿಸಿ ಕುಡಿಯಿರಿ ಎಂದು ರೇಡಿಯೊ ಹೇಳುತ್ತಿತ್ತು. ಇದ್ದ ಬೆರಣಿ ಹಾಲಿಗೇ ಸಾಲುತ್ತಿರಲಿಲ್ಲ.

ಆ ತಿರುವಿನ ಕೆಳಗೆ, ನೀರಿನೊಳಗೆ, ಒಂದು ಪೈಪಿನ ಬಾಯಿ ಇತ್ತು. ಊರಿನ ಕೊಳಚೆಯನ್ನು ಶುದ್ಧ ಮಾಡುವ ಗುತ್ತಿಗೆ ಹಾಜಿ ರವೂಫನದು. ಅವನ ಯಂತ್ರ ಕೆಟ್ಟಿತ್ತು. ರಿಪೇರಿ ಮಾಡಿಸುವ ಬದಲು ಅವನು ಮಣ್ಣಿನಡಿ ಒಂದು ಪೈಪು ಎಳೆದು ಊರಿನ ಕಕ್ಕಸನ್ನೆಲ್ಲ ನೇರವಾಗಿ ಕಾಲುವೆಗೆ ಬಿಟ್ಟಿದ್ದ. ಊರಿನವರು ದುಡ್ಡು ಕೊಟ್ಟು ಕೊಂಡ ಸಿಹಿನೀರು ಅವರ ಹೊಟ್ಟೆ ದಾಟಿ ಆ ಬಾಯಿಂದ ಹೊರಗೆ ಬರುತ್ತಿತ್ತು. ಅದಕ್ಕೇ ಅಲ್ಲಿ ಉಪ್ಪಿರಲಿಲ್ಲ.

ಬದ್ರಿಯಾ ಸಂಜೆ ವಾಂತಿ ಮಾಡಿದಳು. ಬೆಳಗಾಗುವುದರೊಳಗೆ ಅವಳ ಮೈಯಿಂದ ಅಕ್ಕಿ ತೊಳೆದ ನೀರಿನಂಥದ್ದು ಹರಿದು ಹರಿದು, ಕಣ್ಣು ಗುಳಿಬಿದ್ದು, ಬೆರಳು ಮುದುಕಿಯ ಬೆರಳಾಗಿತ್ತು. ನೀರು ನೀರು ಎಂದಳು. ಚಸೀಬಾ ಕೊಟ್ಟಳು. ಅದೇ ನೀರನ್ನು ಕೊಟ್ಟಳು, ಮತ್ತೆ ಮತ್ತೆ ಕೊಟ್ಟಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು. ಇವರಿಗೆ ಮಂಚ ಸಿಗಲಿಲ್ಲ. "ಮಾದಾನ್ ತಾನೆ, ನೆಲದ ಮೇಲೆ ಮಲಗಿಸಿ, ಅವರಿಗೆ ಅಭ್ಯಾಸ" ಎಂದ ಕಾಂಪೌಂಡರ್. ನೆಲದ ಮೇಲೆಯೇ ಹುಡುಗಿ ಹೋದಳು. ಹೆಣ ತೊಳೆಯಲು ಬಂದ ಮುದುಕಿ ಶುದ್ಧ ನೀರು ಕೊಡು ಎಂದಳು. ಮನೆಯಲ್ಲಿ ಇದ್ದದ್ದು ಆ ಡಬ್ಬಗಳೇ.

ಆಮೇಲೆ ಊರಿನಲ್ಲಿ ರೋಗ ಇನ್ನೂ ಹಬ್ಬಿತು. ಎಲ್ಲಿಂದ ಬಂತು ಎಂದು ಹುಡುಕುವವರಿಗೆ ಉತ್ತರ ಸಲೀಸಾಗಿ ಸಿಕ್ಕಿತು. ಎಮ್ಮೆ ಜನದ ಕೆನೆಯಿಂದ ಬಂತು! ಸಂತೆಯಲ್ಲಿ ಪೊಲೀಸಿನವನು ಬೂಟುಗಾಲಿನಿಂದ ಚಸೀಬಾಳ ತಟ್ಟೆ ಒದ್ದ. ವರ್ಷಗಟ್ಟಲೆ ಅವಳ ಕೈಯಿಂದಲೇ ಕೆನೆ ಕೊಂಡು "ನಿನ್ನ ಕೈ ಮುಟ್ಟಿದ್ರೆ ಸಾಕು ಬಿಡು, ರುಚಿ" ಎನ್ನುತ್ತಿದ್ದ ಹೆಂಗಸು, ನೆಲಕ್ಕೆ ಬಿದ್ದ ಕೆನೆಯ ಮೇಲೆ ಉಗಿದು ಹೋದಳು. ರಾತ್ರಿಯೆಲ್ಲ ಬೆಂಕಿಯ ಮೇಲೆ ಕಾದ ಹಾಲಿನಲ್ಲಿ ರೋಗ ಹೇಗೆ ಬದುಕುತ್ತದೆ ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಬಂದದ್ದು ಒಬ್ಬಳಿಗೇ, ಆಸ್ಪತ್ರೆಯ ಚಿಕ್ಕ ವಯಸ್ಸಿನ ಡಾಕ್ಟರಮ್ಮನಿಗೆ. ಎಲ್ಲಿಂದ ನೀರು ತಂದೆ ಎಂದು ಕೇಳಿದಳು. ಚಸೀಬಾ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದಳು. ಡಾಕ್ಟರಮ್ಮ ಗಳ ಇಳಿಸಿ ನೋಡಿದಳು. ಗಳ ಪೈಪಿಗೆ ತಾಗಿ ಠಣ್ ಎಂದಿತು. ಅವಳು ಮೇಲಿನವರಿಗೆ ದೂರು ಬರೆದಳು. ಮುಂದಿನ ವಾರವೇ ಡಾಕ್ಟರಮ್ಮನಿಗೆ ಬೇರೆ ಊರಿಗೆ ವರ್ಗ. ಹೀಗೆ, ಪೈಪು ಇದೆ ಎಂದು ಹೇಳಲು ಉಳಿದದ್ದು ಚಸೀಬಾಳ ಬಾಯಿ ಒಂದೇ. ಶುಕ್ರವಾರದ ರಜೆ ಕಳೆದು ಭಾನುವಾರ ಸರ್ಕಾರಿ ಕಚೇರಿಯಲ್ಲಿ ಅದರ ವಿಚಾರಣೆ. ಆ ಬಾಯಿ ಕಟ್ಟಲಿಕ್ಕೇ ದೊಡ್ಡವರು ಬರುತ್ತಿದ್ದರು.

ಬಂದರು. ಶೇಖ್ ಮಿಜ್ಬಾನ್ ಮುಂದೆ. ಅವನ ಹಿಂದೆ, ಪ್ರವಾದಿಯ ವಂಶದವನೆಂಬ ಗುರುತಿಗೆ ಕರಿಯ ರುಮಾಲು ಸುತ್ತಿದ ಮುದುಕ ಸಯ್ಯಿದ್ ಮುಹ್ಸಿನ್. ಅವನ ಹಿಂದೆ ಮೈತುಂಬಾ ಅತ್ತರು ಬಳಿದುಕೊಂಡ ಹಾಜಿ ರವೂಫ್. ಜೊತೆಗೊಂದಿಷ್ಟು ಬಾಲಗಳು. ಜೊಂಡಿನ ಮನೆಯೊಳಗೆ ಸಾಲಾಗಿ ಕೂತರು. ಚಸೀಬಾ ಮತ್ತು ವಹೀದಾ ತಡಿಕೆಯ ಹಿಂದೆ. ಕೇರಿಯ ಜನ ಹೊರಗೆ ಗೋಡೆಗೆ ಕಿವಿ ಹಚ್ಚಿ ನಿಂತರು. ಲಫ್ತಾ ಪದ್ಧತಿಯಂತೆ ಮೊದಲ ಬಟ್ಟಲನ್ನು ತಾನು ಕುಡಿದು, ಉಳಿದವರಿಗೆಲ್ಲ ಬಗ್ಗಿ ಬಗ್ಗಿ ಕಾಫಿ ಹೊಯ್ದ.

ಶೇಖ್ ಬಟ್ಟಲನ್ನು ತುಟಿಗೆ ಒಯ್ಯದೆ ನೆಲದ ಮೇಲಿಟ್ಟ. ಸಯ್ಯಿದ್ ಇಟ್ಟ. ಹಾಜಿಯೂ ಇಟ್ಟ.

"ಲಫ್ತಾ, ಒಂದು ಕೇಳ್ಕೊಂಡು ನಿನ್ನ ಬಾಗಿಲಿಗೆ ಬಂದಿದೀವಿ. ಕೊಟ್ಟೆ ಅನ್ನೋವರೆಗೂ ಇದನ್ನ ಮುಟ್ಟಲ್ಲ" ಎಂದ ಶೇಖ್.

"ನೀವು ಬಂದಿದ್ದೇ ದೊಡ್ಡದು ಯಜಮಾನ್ರೇ. ಏನಂತ ಹೇಳಿ."

"ಹುಡುಗಿ ಹೋದ್ಲು. ದೇವರ ಆಜ್ಞೆ. ನನ್ನ ಮೊಮ್ಮಗಳಿದ್ದಂಗೆ ಇದ್ಲು."

ಆ ಮೊಮ್ಮಗಳ ಮುಖ ಹೇಗಿತ್ತು ಎಂದು ಕೇಳಿದ್ದರೆ ಶೇಖ್ ತೊದಲುತ್ತಿದ್ದ.

"ಭಾನುವಾರ ನಿಮ್ಮತ್ತಿಗೆ ಒಂದೇ ಒಂದು ಮಾತು ಹೇಳಿದ್ರೆ ಸಾಕು. ಪಾತ್ರೆ ಸರಿಯಾಗಿ ತೊಳೆದಿರ್ಲಿಲ್ಲ, ಕೆನೆ ಕೆಟ್ಟಿತ್ತು, ಹುಡುಗಿ ತಿಂದ್ಲು. ಮುಗೀತು. ಪೈಪು ಗೀಪು ಅಂತ ಯಾರೋ ಡಾಕ್ಟ್ರು ಹೇಳ್ಕೊಟ್ಟಿದ್ದನ್ನ ಹೇಳೋದು ಬೇಡ. ಪೈಪೇ ಇಲ್ಲ. ಹಾಜಿ ಖುರಾನ್ ಮುಟ್ಟಿ ಹೇಳಿದಾರೆ."

ಹಾಜಿ ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದ.

"ಅದಕ್ಕೆ ಬದಲಾಗಿ ಹಾಜಿ ಈ ಕೇರಿಗೆ ವಾರಕ್ಕೊಂದು ಟ್ಯಾಂಕರ್ ಸಿಹಿನೀರು ಕಳಿಸ್ತಾರೆ. ಒಂದು ವರ್ಷ. ನನ್ನ ಜವಾಬ್ದಾರಿ."

ಗೋಡೆಯ ಆಚೆ ಗುಜುಗುಜು ಎದ್ದಿತು. ಟ್ಯಾಂಕರ್ ಎಂದರೆ ಸಣ್ಣ ಮಾತೇ? ವಹೀದಾ ತಡಿಕೆಯ ಹಿಂದೆ ಚಸೀಬಾಳ ತೋಳು ಹಿಡಿದುಕೊಂಡಳು. ದೊಡ್ಡವರು ನೆಲದ ಮೇಲಿಟ್ಟ ಬಟ್ಟಲನ್ನು ಎತ್ತದೆ ಎದ್ದು ಹೋದರೆ, ಆ ಮನೆಗೆ ಆಮೇಲೆ ಹೆಣ್ಣು ಕೊಡುವವರಿಲ್ಲ, ಹೆಣ ಹೊರುವವರಿಲ್ಲ. ಲಫ್ತಾ 'ಕೊಟ್ಟೆ' ಎನ್ನಲು ಬಾಯಿ ತೆರೆದ.

"ಕೊಡಲ್ಲ."

ಚಸೀಬಾ ತಡಿಕೆ ಸರಿಸಿ ಹೊರಗೆ ಬಂದಿದ್ದಳು. ಕೈಯಲ್ಲಿ ಸಗಣಿ ಒಣಗಿತ್ತು. ಸಿಟ್ಟಿನಿಂದ ಹೇಳಿದ ಹಾಗಿರಲಿಲ್ಲ. ದಿನವಿಡೀ ಹೊರೆ ಹೊತ್ತವಳು ಇನ್ನೊಂದು ಹೊರೆ ನೋಡಿ ಆಗಲ್ಲ ಎಂದ ಹಾಗೆ ಹೇಳಿದಳು.

"ಅತ್ತಿಗೆ, ಒಳಗೆ ಹೋಗಿ" ಎಂದ ಲಫ್ತಾ.

"ಬಾಯಿ ನಂದು ತಾನೆ ಬೇಕಾಗಿರೋದು? ನಾನೇ ಬಂದಿದೀನಿ, ಇರು."

ಶೇಖ್ ನಗಲು ನೋಡಿದ. "ಉಮ್ ಬದ್ರಿಯಾ..."

ಬದ್ರಿಯಾಳ ತಾಯಿ. ಮಗಳು ಹುಟ್ಟಿದ ದಿನದಿಂದ ಎಲ್ಲರೂ ಅವಳನ್ನು ಕರೆಯುತ್ತಿದ್ದ ಹೆಸರು. ಅದು ಅವನ ಬಾಯಿಂದ ಬಿದ್ದದ್ದೇ ತಡ, ಅವಳು ಅಲ್ಲೇ, ಗಂಡಸರ ಸಾಲಿನ ಎದುರಿಗೆ, ಕೂತುಬಿಟ್ಟಳು.

"ನಾವು ಕುಡೀದೆ ಎದ್ದು ಹೋದ್ರೆ ಈ ಮನೆ ಮಾನ ಏನಾಗುತ್ತೆ ಗೊತ್ತೇನಮ್ಮ?"

"ಗೊತ್ತು."

"ಹಂಗಿದ್ರೆ ನೀನು ಒಪ್ಪೋವರೆಗೂ ನಾವು ಇಲ್ಲೇ ಕೂತಿರ್ತೀವಿ. ಒಂದು ತೊಟ್ಟೂ ಮುಟ್ಟಲ್ಲ."

"ಕೂತ್ಕೊಳಿ ಯಜಮಾನ್ರೇ. ಎದುರಿಗೆ ಇರೋ ನೀರು ಕುಡಿಯೋಕಾಗ್ದೆ ಕೂತಿರೋದು ನಮಗೆ ಅಭ್ಯಾಸ. ನೀವೂ ಒಂದ್ಸಲ ನೋಡಿ."

ದೊಡ್ಡವರು ಬಟ್ಟಲು ಕೆಳಗಿಟ್ಟರೆ ಮನೆಯವನು ಹೆದರಿ, ಅವಸರದಿಂದ 'ಕೊಟ್ಟೆ ಕೊಟ್ಟೆ' ಎನ್ನಬೇಕು, ಅವರು ನಕ್ಕು ಕುಡಿಯಬೇಕು. ಇದುವರೆಗೆ ನಡೆದದ್ದೇ ಹಾಗೆ. ಬಟ್ಟಲು ಕೆಳಗೇ ಉಳಿದರೆ ಏನು ಮಾಡಬೇಕೆಂದು ಶೇಖನಿಗೆ ಅವನಪ್ಪ ಹೇಳಿಕೊಟ್ಟಿರಲಿಲ್ಲ.

ಕರೆಂಟು ಹೋಯಿತು. ಫ್ಯಾನು ನಿಂತಿತು. ಬಸ್ರಾದ ಆಗಸ್ಟಿನ ಮಧ್ಯಾಹ್ನ ಜೊಂಡಿನ ಸಂದಿಯಿಂದ ಒಳಗೆ ನುಗ್ಗಿತು. ರುಮಾಲುಗಳ ಅಡಿಯಿಂದ ಬೆವರು ಇಳಿಯತೊಡಗಿತು. ಯಾರೋ ಕೆಮ್ಮಿದರು. ಬಟ್ಟಲಲ್ಲಿ ಕಾಫಿ ಆರಿತು, ನೊಣ ಕೂತಿತು. ಸಯ್ಯಿದ್ ಮುದುಕ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದ, ತುಟಿ ಒಣಗಿ ಬಿಳಿಚಿಕೊಂಡಿತ್ತು. ಚಸೀಬಾಳಿಗೆ ಅವನೊಬ್ಬನನ್ನು ನೋಡಿ ಅಯ್ಯೋ ಅನ್ನಿಸಿತು. ಆದರೂ ಸುಮ್ಮನೆ ಕೂತಳು. ಅವಳ ಗಂಟಲೂ ಒಣಗಿತ್ತು. ಹಾಜಿ ರವೂಫ್ ಪದೇಪದೇ ತುಟಿ ಸವರಿಕೊಂಡ. ಅತ್ತರು ಬೆವರಿನಲ್ಲಿ ಕರಗಿ ಬೇರೆಯೇ ವಾಸನೆ ಬರತೊಡಗಿತು. ಕೊನೆಗೆ ತಡೆಯಲಾರದೆ ಬಾಗಿಲ ಕಡೆ ಸನ್ನೆ ಮಾಡಿದ. ಅವನ ಡ್ರೈವರ್ ಕಾರಿನಿಂದ ತಣ್ಣಗಿನ ಬಾಟಲಿ ತಂದುಕೊಟ್ಟ. ಹಾಜಿ ಮುಚ್ಚಳ ತಿರುಗಿಸಿದ.

"ಹಾಜಿ, ಬಟ್ಟಲು ಕೆಳಗಿಟ್ಟು ಬಾಟ್ಲಿ ಮೇಲೆತ್ತೋದು ಯಾವೂರ ಪದ್ಧತಿ?" ಎಂದು ಚಸೀಬಾ ಕೇಳಿದಳು.

ಗೋಡೆಯಾಚೆ ಯಾರೋ ಕಿಸಕ್ಕೆಂದರು. ಸಯ್ಯಿದ್ ಕಣ್ಣು ತೆರೆಯದೆಯೇ, "ಇಡಪ್ಪ ಅದನ್ನ ಕೆಳಗೆ. ಕೇಳ್ಕೊಂಡು ಬಂದೋನು ನೀನು" ಎಂದ.

ಹಾಜಿಯ ಮುಖ ಕೆಂಪೇರಿತು. ಬಾಟಲಿಯನ್ನು ನೆಲಕ್ಕೆ ಕುಕ್ಕಿದ. ಬಾಯಾರಿಕೆಯೂ ಅವಮಾನವೂ ಕೂಡಿ ಅವನ ಮೈಮೇಲೆ ಬಂದ ಹಾಗಾಯಿತು.

"ಇವಳ ಕೈಲಿ ಬುದ್ಧಿ ಹೇಳಿಸ್ಕೋಬೇಕಾ ನಾನು? ಎಮ್ಮೆ ಜೊತೆ ಬಿದ್ಕೊಳೋ ಜಾತಿ! ಪೈಪಿನ ಬಾಯಿಗೇ ಹೋಗಿ ಡಬ್ಬ ಹಿಡಿ ಅಂತ ನಿನಗ್ಯಾರೇ ಹೇಳಿದ್ರು? ಇಡೀ ಕಾಲುವೆ ಇರ್ಲಿಲ್ವಾ? ನೀನೇ ಹೋಗಿ ಹೇಲು ನೀರು ತುಂಬ್ಕೊಂಡು ಬಂದು ನಿನ್ನ ಮಗಳಿಗೆ ನೀನೇ ಕುಡಿಸಿ, ಈಗ ನನ್ನ ಮೇಲೆ ಹಾಕ್ತೀಯಾ?"

ಸಯ್ಯಿದ್ ಕಣ್ಣು ತೆರೆದ. "ಪೈಪಿಲ್ಲ ಅಂತ ಖುರಾನ್ ಮುಟ್ಟಿದ್ಯಲ್ಲೋ?"

ಗೋಡೆಯಾಚೆಯ ಜನ 'ಕೇಳಿದ್ರಾ, ಕೇಳಿದ್ರಾ' ಎನ್ನುತ್ತಿದ್ದರು.

ಚಸೀಬಾಳಿಗೆ ಗೆದ್ದೆ ಅನ್ನಿಸಲಿಲ್ಲ. ಅವನ ಮಾತು ತಾಗಬೇಕಾದ ಕಡೆಗೇ ತಾಗಿತ್ತು. ಮಗಳು ಹೋದಾಗಿನಿಂದ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದುದೂ ಅದನ್ನೇ. ನೀನೇ ಕುಡಿಸಿದೆ, ನೀರು ನೀರು ಎಂದಾಗಲೆಲ್ಲ ನೀನೇ ಕುಡಿಸಿದೆ. ಅವಳಿಗೆ ಅಳು ಬಂತು. ಎಷ್ಟೋ ದಿನದ ಮೇಲೆ ಬಂತು. ಸಗಣಿ ಕೈಯಿಂದಲೇ ಕಣ್ಣು ಒರೆಸಿಕೊಂಡಳು.

"ಹೌದು ಹಾಜಿ. ನಾನೇ ಕುಡಿಸ್ದೆ. ಉಪ್ಪಿಲ್ಲದ ನೀರು ಅದೊಂದೇ ಕಡೆ ಇತ್ತು. ಸಿಹಿ ಇದೆ ಅಂತ ಆಸೆಪಟ್ಟು ತಂದೆ. ಅದನ್ನೂ ಭಾನುವಾರ ಹೇಳ್ತೀನಿ. ಮುಚ್ಚಿಡಲ್ಲ."

ಶೇಖ್ ದನಿ ಇಳಿಸಿದ. "ನೋಡು ತಂಗಿ. ನೀವಿರೋದು ನನ್ನ ಜಾಗ. ಎಮ್ಮೆಗಳನ್ನ ಹೊಡ್ಕೊಂಡು ಎಲ್ಲಿಗೆ ಹೋಗ್ತೀರಿ? ಯೋಚ್ನೆ ಮಾಡು."

ಅಷ್ಟರಲ್ಲಿ ವಹೀದಾ ತಡಿಕೆಯ ಹಿಂದಿನಿಂದ ಕೂಸನ್ನು ಎತ್ತಿಕೊಂಡೇ ಬಂದಳು. ಗಂಡಸರ ಮುಂದೆ ಎಂದೂ ದನಿ ಎತ್ತದವಳು ಬಿಕ್ಕುತ್ತಾ, "ಅಕ್ಕ, ಟ್ಯಾಂಕರ್ ಕೊಡ್ತಾರಂತಲ್ಲಕ್ಕ. ಇದಕ್ಕೆ ಏನು ಕುಡಿಸ್ಲಿ ನಾನು? ಬದ್ರಿಯಾ ಇನ್ನು ಬರಲ್ಲ. ಇದಾದ್ರೂ ಉಳೀಲಿ. ಒಂದು ಮಾತು ತಾನೆ, ಹೇಳಿಬಿಡಕ್ಕ" ಎಂದಳು.

ಶೇಖನಿಗೆ, ಹಾಜಿಗೆ ಉತ್ತರ ಕೊಟ್ಟ ಚಸೀಬಾ ಕೂಸಿನ ಕಡೆ ನೋಡಿದಳು. ಒಣಗಿದ ತುಟಿಯನ್ನು ಅದು ಚೀಪುತ್ತಿತ್ತು. ಹೌದು ಎಂದುಬಿಡಬಹುದಿತ್ತು. ಎಂದರೆ ನಾಳೆಯೇ ಟ್ಯಾಂಕರ್ ಬಂದು ನಿಲ್ಲುತ್ತದೆ, ಕೇರಿ ಡಬ್ಬ ಹಿಡಿದು ಓಡುತ್ತದೆ, ಎಲ್ಲರೂ ಅವಳನ್ನು ಹರಸುತ್ತಾರೆ.

"ವಹೀದಾ, ಟ್ಯಾಂಕರ್ ಅವರು ಬೇಕಂದಾಗ ಬರುತ್ತೆ, ಬೇಡ ಅಂದಾಗ ನಿಲ್ಲುತ್ತೆ. ಪೈಪು ಯಾವತ್ತೂ ನಿಲ್ಲಲ್ಲ" ಎಂದಳು ಮೆಲ್ಲಗೆ. "ಕೆನೆಯಿಂದ ಅಂತ ನಾನು ಒಪ್ಕೊಂಡ್ರೆ, ಈ ಮಗು ದೊಡ್ಡೋಳಾಗಿ ತಟ್ಟೆ ಹೊತ್ಕೊಂಡು ಸಂತೆಗೆ ಹೋದಾಗ್ಲೂ ಅವಳ ತಟ್ಟೆ ಒದೀತಾರೆ ಕಣೇ. ನಿಮ್ಮ ದೊಡ್ಡಮ್ಮನೇ ಒಪ್ಕೊಂಡಿದ್ಲಲ್ಲ ಅಂತಾರೆ."

ವಹೀದಾ ಒಪ್ಪಲಿಲ್ಲ. ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಚಸೀಬಾ ಅವಳನ್ನು ತಪ್ಪು ಅನ್ನಲಿಲ್ಲ.

ಮೊದಲು ಎದ್ದವನು ಸಯ್ಯಿದ್. ಹಾಜಿಯ ಕಡೆ ತಿರುಗಿಯೂ ನೋಡದೆ ಹೊರಗೆ ನಡೆದ. ಆಮೇಲೆ ಉಳಿದವರು. ಶೇಖ್ ಬಾಗಿಲಲ್ಲಿ ನಿಂತು ಲಫ್ತಾನಿಗೆ, "ಭಾನುವಾರದೊಳಗೆ ಜಾಗ ಖಾಲಿ ಆಗ್ಬೇಕು" ಎಂದ. ಕಾರುಗಳ ಧೂಳು ಗುಡಿಸಲೊಳಗೆ ಬಂತು. ಕುಡಿಯದ ಬಟ್ಟಲುಗಳು ಸಾಲಾಗಿ ಇದ್ದವು.

"ಮಾನ ಹೋಯ್ತು" ಎಂದ ಲಫ್ತಾ. ಅಷ್ಟೇ ಎಂದದ್ದು. ಬೈಯಲಿಲ್ಲ. ಬೈದಿದ್ದರೆ ಚಸೀಬಾಳಿಗೆ ಹಗುರವಾಗುತ್ತಿತ್ತು. ಮರುದಿನದಿಂದ ಅವನು ಅವಳ ಜೊತೆ ಮಾತಾಡದೆ ಮನೆ ಬಿಚ್ಚತೊಡಗಿದ. ಜೊಂಡಿನ ಹೊರೆಗಳನ್ನು ಒಂದೊಂದಾಗಿ ಇಳಿಸಿದ, ಹಗ್ಗ ಸುತ್ತಿದ. ಚಸೀಬಾ ಈ ತುದಿ ಹಿಡಿದರೆ ಅವನು ಆ ತುದಿ ಹಿಡಿಯುತ್ತಿದ್ದ. ಕೇರಿಯವರು ದೂರದಿಂದ ನೋಡಿದರು. ಕೆಲವರು ಟ್ಯಾಂಕರ್ ಕಳೆದವಳು ಎಂದು ಶಪಿಸಿದರು. ಗೋಡೆಗೆ ಕಿವಿ ಹಚ್ಚಿದ್ದ ಯಾರೂ ವಿಚಾರಣೆಗೆ ಬಂದು ಕೇಳಿದ್ದನ್ನು ಹೇಳುತ್ತೇನೆ ಅನ್ನಲಿಲ್ಲ.

ಭಾನುವಾರ ಚಸೀಬಾ ನಡೆದುಕೊಂಡೇ ಕಚೇರಿಗೆ ಹೋದಳು. ಬಾಗಿಲ ಜವಾನ ಅವಳನ್ನು ಗೋಡೆಯ ಪಕ್ಕ ನಿಲ್ಲಿಸಿದ, ಬೆಂಚಿನ ಮೇಲೆ ಕೂರಬೇಡ ಎಂದ. ಅವಳು ನೆಲದ ಮೇಲೆ ಕೂತಳು. ಊರಿನವರ ಸರದಿ ಎಲ್ಲ ಮುಗಿದ ಮೇಲೆ ಕರೆದರು. ಒಳಗೆ ಏಸಿ ತಣ್ಣಗೆ ಬೀಸುತ್ತಿತ್ತು. ಯಾರೂ ಕೂರು ಅನ್ನದಿದ್ದರೂ ಅವಳು ಮೇಜಿನ ಎದುರಿನ ಕುರ್ಚಿಯಲ್ಲಿ ಕೂತಳು. ಅಧಿಕಾರಿ ಅವಳ ಮುಖ ನೋಡದೆ ಕೇಳಿದ.

"ನೀರು ಎಲ್ಲಿಂದ ತಂದೆ?"

"ಮುರಿದ ಸೇತುವೆ ತಿರುವಿಂದ. ಊರಿನ ಕೊಳಚೆ ಪೈಪಿನ ಬಾಯಿಂದ."

"ಅಲ್ಲಿ ಪೈಪು ಇದೆ ಅನ್ನೋದಕ್ಕೆ ದಾಖಲೆ ಇಲ್ಲ."

"ದೋಣಿ ಇದೆ. ಬನ್ನಿ, ತೋರಿಸ್ತೀನಿ."

ಅಧಿಕಾರಿ ಉಸಿರುಬಿಟ್ಟ. "ನೋಡಮ್ಮ, ನೀನು ಹಿಂಗೆ ಹೇಳಿದ್ರೆ, ಗೊತ್ತಿದ್ದೂ ಕೊಳಚೆ ನೀರು ಕುಡಿಸಿದೆ ಅಂತ ನಿನ್ನ ಮೇಲೇ ಬರುತ್ತೆ. ಕೆನೆ ಕೆಟ್ಟಿತ್ತು ಅನ್ನು. ಸಲೀಸಾಗಿ ಮುಗಿಯುತ್ತೆ. ಮನೆಗೆ ಹೋಗು."

ಮನೆ ಬಿಚ್ಚಿ ದೋಣಿಯಲ್ಲಿತ್ತು. ಚಸೀಬಾ ಬಿರಿದ ಎರಡೂ ಕೈಗಳನ್ನು ಅವನ ಮೇಜಿನ ಮೇಲೆ ಚಾಚಿಟ್ಟಳು. ಅವನು ಕಾಗದಗಳನ್ನು ಹಿಂದಕ್ಕೆಳೆದುಕೊಂಡ.

"ನನ್ನ ಮೇಲೆ ಬರ್ಲಿ. ಬರ್ಕೊಳಿ. ನೀರು ಮೊಗೆದ ಕೈ ನಂದು, ಕುಡಿಸಿದ ಕೈ ನಂದು. ಆ ನೀರಿಗೆ ಹೇಲು ಬಿಟ್ಟ ಕೈ ಯಾರದು ಅಂತ ಈಗ ನೀವು ಹೇಳಿ."

ಅಧಿಕಾರಿ ಪೆನ್ನು ಕೆಳಗಿಟ್ಟ. ಜವಾನನನ್ನು ಕರೆದ. ಜವಾನ ಬಂದು ಏಳು ಎಂದ. ಚಸೀಬಾ ಏಳಲಿಲ್ಲ.